ಮೀನಿನ ಮುಳ್ಳಿನ ಊರು

ನವೆಂಬರ್ 10, 2024, ಭಾನುವಾರ ರಾತ್ರಿ
ಝಾಗ್ರೆಬ್, ಕ್ರೊಯೇಷಿಯಾ

ಅಂಚೆಚೀಟಿ ಇನ್ನೂ ಮೇಜಿನ ಮೇಲೇ ಇದೆ. ಮೂರು ಸಲ ಪುಸ್ತಕದೊಳಗೆ ಇಟ್ಟೆ, ಮೂರು ಸಲವೂ ಹೊರಗೆ ತೆಗೆದೆ.

ಬೆಳಿಗ್ಗೆ ಬ್ರಿಟಾನ್‌ಸ್ಕಿ ಚೌಕದ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಕೊಳ್ಳುವುದಕ್ಕೇನೂ ಅಲ್ಲ, ಸುಮ್ಮನೆ ಜನರ ನಡುವೆ ನಿಲ್ಲೋಣ ಅಂತ. ಮೂಲೆಯಲ್ಲಿ ಮಫ್ಲರ್ ಸುತ್ತಿಕೊಂಡ ಅಜ್ಜನೊಬ್ಬ ಬಿಸ್ಕತ್ತಿನ ಡಬ್ಬಿಯ ತುಂಬ ಅಂಚೆಚೀಟಿ ಇಟ್ಟುಕೊಂಡು ಕೂತಿದ್ದ. ಅಪ್ಪನ ನೆನಪಾಗಿ ಕೈ ಹಾಕಿದೆ. ಮೊದಲು ಸಿಕ್ಕಿದ್ದೇ ಇದು. ಎರಡು ಬೆರಳಗಲ. ಕೊರ್ಚುಲಾ ಅನ್ನುವ ದ್ವೀಪದ ಊರಿನ ಚಿತ್ರ, ಬೆಲೆ ಕುನಾದಲ್ಲಿ. 2023ರ ಜನವರಿಯಿಂದ ಇಲ್ಲಿ ಯೂರೋ ಬಂದಿದೆ, ಕುನಾ ಈಗ ಚಲಾವಣೆಯಲ್ಲಿಲ್ಲ. ಅಂಚೆ ಮುದ್ರೆಯ ಕಪ್ಪು ಬಳೆ ಅರ್ಧ ಊರನ್ನೇ ನುಂಗಿತ್ತು.

"ವರ್ಲಾಯ್," ಅಂದ ಅಜ್ಜ. ವ್ಲಾದಿಮಿರ್ ವರ್ಲಾಯ್ ಬಿಡಿಸಿದ್ದು ಅಂತ. ನನ್ನ ಹರಕು ಕ್ರೊಯೇಷಿಯನ್ ಕೇಳಿ "ಪೊಲಾಕೊ, ಪೊಲಾಕೊ" ಅಂದ. ಅಂದರೆ ನಿಧಾನ, ಅವಸರ ಬೇಡ. ಇಲ್ಲಿಗೆ ಬಂದ ಮೇಲೆ ನಾನು ಕಲಿತ ಮೊದಲ ಪದವೇ ಅದು.

ಆಮೇಲೆ ಚೀಟಿಯನ್ನು ಬಿಟ್ಟು ಊರಿನ ಮಾತಿಗೇ ಇಳಿದ. ಒಂದು ಲಕೋಟೆ ತಿರುಗಿಸಿ ಪೆನ್ಸಿಲ್ಲಿನಿಂದ ಉದ್ದ ಗೆರೆ ಎಳೆದ, ನಡುಬೀದಿ. ಎರಡೂ ಕಡೆ ಓರೆಗೆರೆಗಳು. ನೋಡನೋಡುತ್ತ ಮೀನಿನ ಮುಳ್ಳಾಯಿತು! ಪಡುವಣದ ಓಣಿಗಳು ನೆಟ್ಟಗಿವೆಯಂತೆ, ಬೇಸಿಗೆಯ ಸಮುದ್ರದ ತಂಗಾಳಿ ಮಾಯೆಸ್ತ್ರಾಲ್ ಒಳಗೆ ಬರಲಿ ಅಂತ. ಮೂಡಣದವು ಕೊಂಚ ಬಾಗಿವೆ, ಚಳಿಗಾಲದ ಬೂರಾ ಬೀಸಿದರೆ ತಡೆಯಲಿ ಅಂತ. ಬೂರಾ ಅನ್ನುವಾಗ ಕೆನ್ನೆ ಉಬ್ಬಿಸಿ ನನ್ನ ಮುಖಕ್ಕೇ ಊದಿ ತೋರಿಸಿದ. ಇಷ್ಟು ದಿನದಲ್ಲಿ ಇಲ್ಲಿ ಯಾರೂ ನನ್ನ ಜೊತೆ ಇಷ್ಟು ಹೊತ್ತು ಮಾತಾಡಿರಲಿಲ್ಲ. ಕಣ್ಣು ತುಂಬಿತು, ಗಾಳಿಗೆ ಅಂದುಕೊಂಡಿರಬೇಕು ಪಾಪ.

ಲಕೋಟೆಯನ್ನೂ ಕೊಟ್ಟ, ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಮನೆಗೆ ಬಂದವಳೇ ವರ್ಲಾಯ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಇಲ್ಲೇ, ಝಾಗ್ರೆಬ್‌ನಲ್ಲಿ 1895ರಲ್ಲಿ ಹುಟ್ಟಿದವನು. ಪ್ರಾಗ್‌ನಲ್ಲಿ ಓದಿದ ನಾಲ್ವರು ಗೆಳೆಯರಲ್ಲಿ ಒಬ್ಬ. ಗೆತ್ಸಾನ್, ತ್ರೆಪ್ಶೆ, ಉಜೆಲಾತ್ಸ್, ಇವನು. ಇವನ ಮನಸ್ಸೆಲ್ಲ ಬೆಟ್ಟ, ಮನೆ, ಮರಗಳ ಮೇಲೆ. 1923ರ 'ಕೆಂಪು ಮನೆ' ಹೆಸರಾದ ಚಿತ್ರ. ಇವನ ಮನೆಗಳಿಗೆ ತೂಕವಿದೆ, ಕಡೆದು ಇಟ್ಟ ಹಾಗೆ. ಮೊದಲ ಮಹಾಯುದ್ಧ ಮುಗಿದು ಕೆಲವೇ ವರ್ಷ ಆಗಿದ್ದ ಕಾಲ ಅದು. ಅಲುಗದೆ ನಿಲ್ಲುವ ಮನೆಯೊಂದು ಬೇಕು ಅಂತ ಅವನಿಗೆ ಅನ್ನಿಸಿರಬೇಕು, ನನಗೆ ಹಾಗೇ ಕಾಣುತ್ತೆ.

ಆಮೇಲೆ ಕಾಯಿಲೆ. ಕುಂಚ ಬಿಡಬೇಕಾಯಿತು. ಬದುಕಿದ್ದು 1962ರವರೆಗೆ.

ಅಲ್ಲಿಗೆ ಓದುವುದನ್ನು ನಿಲ್ಲಿಸಿ ಅನ್ನಕ್ಕಿಟ್ಟೆ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಲಕ್ವ ಹೊಡೆದ ಮೇಲೆ ಅವರ ಆಲ್ಬಮ್ ಬೀರುವಿನ ಮೇಲಿಂದ ಕೆಳಗೆ ಇಳಿದಿಲ್ಲ. ಚಿಮುಟ ಹಿಡಿಯಲು ಬಲಗೈ ಕೇಳುವುದಿಲ್ಲ. ನಾವು ಚಿಕ್ಕವರಿದ್ದಾಗ ಭಾನುವಾರ ಅಂದರೆ ಮನೆಯ ಹಿತ್ತಾಳೆ ತಟ್ಟೆಯಲ್ಲಿ ನೀರು, ನೀರಲ್ಲಿ ಲಕೋಟೆಯ ತುಂಡುಗಳು. ಅಂಟು ಬಿಟ್ಟು ಚೀಟಿ ತಾನಾಗಿ ತೇಲಿ ಬರುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಎಳೆದರೆ ಹಲ್ಲು ಕಿತ್ತುಹೋಗುತ್ತೆ ಅನ್ನುತ್ತಿದ್ದರು, ಅಂಚಿನ ಹಲ್ಲು. ಆಮೇಲೆ ಹಳೇ ಪೇಪರಿನ ಮೇಲೆ ಬೋರಲು ಹಾಕಿ ಒಣಗಿಸುವುದು.

"ಕ್ರೊಯೇಷಿಯಾ ಅಂದ್ರೆ ಯುಗೊಸ್ಲಾವಿಯಾ ಪುಟವಾ?" ಅಂತ ಕೇಳಿದರು. ನಾಲಿಗೆ ಇನ್ನೂ ಸ್ವಲ್ಪ ತೊದಲುತ್ತೆ.

"ಅಲ್ಲಪ್ಪ, 1991ರಿಂದ ಬೇರೆ ದೇಶ. ಹೊಸ ಪುಟ ಬೇಕು."

"ಹೊಸ ಪುಟ," ಅಂದರು. ಸುಮ್ಮನಾದರು.

ಮೀನಿನ ಮುಳ್ಳಿನ ಬೀದಿಗಳ ಕಥೆ ಹೇಳಿದೆ. ಹೊನ್ನಾವರದ ಬಂದರಿನ ಪಕ್ಕ ಬೆಳೆದ ಜೀವ, ಕಿವಿ ನಿಮಿರಿತು. "ಯಾವ ಮೀನು?" ಅಂದರು. ನನಗೆ ತಡೆಯಲಾರದ ನಗು, ಅವರಿಗೂ. ತಿಂಗಳುಗಳ ಮೇಲೆ ಆ ನಗು ಕೇಳಿದ್ದು. "ಗಾಳಿ ನೋಡಿ ಊರು ಕಟ್ಟಿದ್ದಾರೆ, ಬುದ್ಧಿವಂತರು. ಚಿತ್ರ ಬರೆದವ ಈಗ ಇದ್ದಾನಾ?"

"ಇಲ್ಲಪ್ಪ, ಹೋಗಿ ಅರುವತ್ತು ವರ್ಷದ ಮೇಲಾಯ್ತು."

"ಕೊನೇತನಕ ಬರೀತಿದ್ನಾ?"

ಹೂಂ ಅಂದುಬಿಟ್ಟೆ.

ಯಾಕೆ ಅಂದೆನೋ. ಅಪ್ಪನಿಗೆ ನಾನು ಸುಳ್ಳು ಹೇಳಿದ್ದು ಕಡಿಮೆ. ಫೋನ್ ಇಟ್ಟ ಮೇಲೆ ಅದೇ ಕೊರೆಯುತ್ತಿದೆ. ಕುಂಚ ಬಿಟ್ಟ ಮೇಲೂ ವರ್ಲಾಯ್ ಬೆಳಿಗ್ಗೆ ಎದ್ದು ಕಿಟಕಿ ತೆರೆದಿರುತ್ತಾನಲ್ಲ. ಎದುರಿನ ಸೂರು ಕಂಡಿರುತ್ತೆ. ಅದರ ಮೇಲೆ ಬಿಸಿಲು ಎಲ್ಲಿ ಮುರಿಯುತ್ತೆ, ನೆರಳು ಎಷ್ಟು ದಪ್ಪ ಅಂತ ಕಣ್ಣು ಲೆಕ್ಕ ಹಾಕದೆ ಬಿಟ್ಟಿರುತ್ತಾ? ಇದನ್ನೇ ಅಪ್ಪನಿಗೆ ಹೇಳಬಹುದಿತ್ತು. ಅವರೂ ಜಗಲಿಯಲ್ಲಿ ಕೂತು ಇಡೀ ದಿನ ನೋಡುತ್ತಾರೆ. ಏನು ನೋಡುತ್ತೀರಿ ಅಂತ ನಾನು ಇವತ್ತಿನವರೆಗೆ ಕೇಳಿಲ್ಲ.

ಮಳೆ ಶುರುವಾಯ್ತು. ಬಟ್ಟೆ ಹೊರಗಿದೆ.

ಒಳಗೆ ತಂದಿಟ್ಟೆ. ಒದ್ದೆಯಾಗಿಲ್ಲ.

ನಾಳೆ ಚೀಟಿಯನ್ನು ಊರಿಗೆ ಕಳಿಸಬೇಕು, ಅಜ್ಜ ಗೆರೆ ಎಳೆದ ಲಕೋಟೆಯನ್ನೂ. ತಮ್ಮನಿಗೆ ಆಲ್ಬಮ್ ಇಳಿಸಲು ಹೇಳಬೇಕು, ಅಂಟಿಸುವುದು ಮಾತ್ರ ಬೇಡ. ಎಡಗೈಯಲ್ಲಿ ಆದರೂ ಅಪ್ಪನೇ, ಓರೆಯಾದರೆ ಓರೆ. ಜೊತೆಗೊಂದು ಕಾಗದ ಬರೆಯೋಣ ಅಂತ ಕೂತಿದ್ದೇನೆ. 'ಅಪ್ಪ, ಸಂಜೆ ನಾನು ಹೂಂ ಅಂದಿದ್ದು' ಅನ್ನುವವರೆಗೆ ಬಂದಿದೆ