ಇಜ್ಮೀರ್: ಮೆಸ್ಸೀಯ ಹುಟ್ಟಿದ ಊರಲ್ಲಿ

ತುರ್ಕಿಯ ಇಜ್ಮೀರ್‌ಗೆ ಬರುವವರಲ್ಲಿ ಜಾಸ್ತಿ ಜನ ಎಫೆಸಸ್ ಎಂಬ ಪುರಾತನ ನಗರದ ಅವಶೇಷ ನೋಡಿಕೊಂಡು ಹೊರಟುಬಿಡುತ್ತಾರೆ. ನಾನು ಉಳಿದುಕೊಂಡದ್ದು ಕೆಮೆರಾಲ್ತಿ ಬಜಾರಿಗಾಗಿ, ಮೆಸ್ಸೀಯ (ಯಹೂದಿಗಳು ಕಾಯುವ ಉದ್ಧಾರಕ) ಎನಿಸಿಕೊಂಡ ಶಬ್ಬತಾಯಿ ಜ್ವೀ ಎಂಬ ಯಹೂದಿಯ ಊರು ನೋಡಲು. ಅಲ್ಲಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಬೀದಿ ಎಂದೇ ಹೆಸರಾದ ಗಲ್ಲಿ ಇದೆ. ಎರಡೂ ಕಡೆ ಮೀನು, ಆಲಿವ್, ತರಕಾರಿ. ಅವುಗಳ ಹಿಂದೆ ಎತ್ತರದ ಗೋಡೆ, ಮುಚ್ಚಿದ ಬಾಗಿಲು. ಮೊದಲೇ ಹೇಳಿ ಅನುಮತಿ ಪಡೆದರೆ ಕೆಲವು ಸಿನಗಾಗ್‌ಗಳ ಒಳಗೆ ಬಿಡುತ್ತಾರೆ.

ತಿಂಡಿಗೆ ಬೊಯೊಜ್ ತಿಂದೆ. ಪದರ ಪದರವಾದ, ಎಣ್ಣೆ ಜಿನುಗುವ ಬಿಸಿ ರೊಟ್ಟಿ, ಜೊತೆಗೆ ಬೇಯಿಸಿದ ಮೊಟ್ಟೆ. 1492ರಲ್ಲಿ ಸ್ಪೇನ್ ಹೊರಗಟ್ಟಿದ ಯಹೂದಿಗಳ ಮಕ್ಕಳು ಮೊಮ್ಮಕ್ಕಳಿಂದ ಈ ಊರಿಗೆ ಬಂದ ರುಚಿ.

ಶಬ್ಬತಾಯಿ ಜ್ವೀ ಇಲ್ಲೇ 1626ರಲ್ಲಿ ಹುಟ್ಟಿದ. ಯಹೂದಿ ಪಂಚಾಂಗದ ಆಬ್ ತಿಂಗಳ 9ರಂದು ಎಂದು ಹೇಳುತ್ತಾರೆ. ಜೆರುಸಲೇಮಿನ ಎರಡೂ ದೇವಾಲಯ ಬಿದ್ದದ್ದನ್ನು ನೆನೆದು ಉಪವಾಸ ಮಾಡುವ ದಿನ ಅದು. ಮೆಸ್ಸೀಯ ಹುಟ್ಟುವುದೂ ಅದೇ ದಿನ ಎಂದು ಹಿಂದಿನವರು ನಂಬಿದ್ದರು. 1665ರಲ್ಲಿ ಗಾಜಾದ ನಾಥನ್ ಎಂಬ ಯುವಕ ಇವನೇ ಮೆಸ್ಸೀಯ ಎಂದು ಸಾರಿದ. ಆ ಡಿಸೆಂಬರಿನಲ್ಲಿ ಈ ಬಜಾರಿನ ಪೋರ್ಚುಗೀಸ್ ಸಿನಗಾಗ್‌ನವರು ಅವನಿಗೆ ಬಾಗಿಲು ಹಾಕಿದರು. ಯಾವ ಕೆಲಸವನ್ನೂ ಮಾಡಬಾರದ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಂದೇ ಅವನು ಕೊಡಲಿ ತರಿಸಿ ಬಾಗಿಲಿಗೆ ಹೊಡೆಯತೊಡಗಿದ. ಒಳಗೆ ಹೋದವನು ತೋರಾದ (ಯಹೂದಿಗಳ ಧರ್ಮಗ್ರಂಥ) ಕೈಬರಹದ ಸುರುಳಿ ಬಿಟ್ಟು ಅಚ್ಚಾದ ಪುಸ್ತಕದಿಂದ ಓದಿದ, ಯಾರೂ ಉಚ್ಚರಿಸಬಾರದ ದೇವರ ಹೆಸರು ಹೇಳಿದ, ಅಣ್ಣತಮ್ಮಂದಿರಿಗೂ ಗೆಳೆಯರಿಗೂ ಜಗತ್ತಿನ ರಾಜ್ಯಗಳನ್ನು ಹಂಚಿಬಿಟ್ಟ.

ಹುಚ್ಚು ಅಂತ ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. 1648ರಿಂದ ಉಕ್ರೇನ್ ಕಡೆ ಯಹೂದಿಗಳ ಊರೂರೇ ಕೊಲೆಯಾಗಿದ್ದವು. ಇನ್ನು ಸಾಕು, ಬಿಡಿಸುವವನು ಬಂದೇ ಬರಬೇಕು ಅಂತ ಜನರಿಗೆ ಅನ್ನಿಸಿತ್ತು. ಜರ್ಮನಿಯ ಹಾಮೆಲ್ನ್‌ನ ಗ್ಲಿಕ್ಕೆಲ್ ಎಂಬ ಯಹೂದಿ ಹೆಂಗಸು ತನ್ನ ನೆನಪುಗಳಲ್ಲಿ ಮಾವನ ಬಗ್ಗೆ ಬರೆದಿದ್ದಾಳೆ. ಆತ ಮನೆ, ಸಾಮಾನು ಬಿಟ್ಟು ಹೊರಟು, ಬಟ್ಟೆ, ಬಟಾಣಿ, ಒಣಗಿಸಿದ ಮಾಂಸ ತುಂಬಿದ ಪೀಪಾಯಿಗಳನ್ನು ಹ್ಯಾಂಬರ್ಗ್‌ಗೆ ಕಳಿಸಿದ್ದ. ಪವಿತ್ರ ಭೂಮಿಗೆ ಹಡಗು ಹೊರಡುವ ದಿನಕ್ಕೆ ಎಲ್ಲ ಸಿದ್ಧ ಇರಲಿ ಅಂತ. ಶಬ್ಬತಾಯಿಯ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಆ ಪೀಪಾಯಿಗಳೇ. ಅಷ್ಟು ನಂಬಿಕೆ ಇಟ್ಟವರಿಗೆ ಏನಾಯ್ತು ಎಂಬುದನ್ನು ಇತಿಹಾಸ ಅರ್ಧ ಸಾಲಿನಲ್ಲಿ ಮುಗಿಸುವುದು ಸರಿಯಲ್ಲ.

1666ರ ಸೆಪ್ಟೆಂಬರಿನಲ್ಲಿ ಎಡಿರ್ನೆಯಲ್ಲಿ ಸುಲ್ತಾನ ನಾಲ್ಕನೆಯ ಮೆಹ್ಮದ್‌ನ ಆಸ್ಥಾನದಲ್ಲಿ ಶಬ್ಬತಾಯಿಯ ಮುಂದೆ ಎರಡೇ ದಾರಿ ಇಟ್ಟರು: ಸಾವು ಇಲ್ಲವೇ ಇಸ್ಲಾಂ. ಅವನು ಪೇಟ ಧರಿಸಿ ಮುಸ್ಲಿಮನಾದ. 1676ರಲ್ಲಿ ಈಗಿನ ಮಾಂಟೆನೆಗ್ರೋದ ಉಲ್ಸಿನ್‌ನಲ್ಲಿ, ಗಡಿಪಾರಾಗಿಯೇ ತೀರಿಕೊಂಡ.

ಮಧ್ಯಾಹ್ನ ಅಗೋರಾದ (ಪುರಾತನ ಸಂತೆ ಮೈದಾನ) ಪಕ್ಕದಲ್ಲಿ, ಅವನದೆಂದು ಹೇಳುವ ಮನೆಯ ಹೊರಗೆ ನಿಂತಿದ್ದೆ. ಕಲ್ಲುಗೋಡೆಯ ಸಾಧಾರಣ ಮನೆ. ಎಷ್ಟೋ ಜನ ಅವನನ್ನು ಬಿಟ್ಟರು, ಕೆಲವರು ಬಿಡಲಿಲ್ಲ. 1683ರಲ್ಲಿ ಥೆಸಲೋನಿಕಿಯಲ್ಲಿ ನೂರಾರು ಕುಟುಂಬಗಳು ಅವನಂತೆಯೇ ಇಸ್ಲಾಂ ಸೇರಿದವು, ಮನೆಯೊಳಗೆ ಅವನ ದಾರಿಯನ್ನೇ ನಡೆಸಿಕೊಂಡು ಬಂದವು. ಅವರನ್ನೇ ದೊನ್ಮೆ ಅನ್ನುತ್ತಾರೆ. ಗ್ರೀಸ್ ಮತ್ತು ತುರ್ಕಿ ನಡುವಿನ 1923ರ ಜನವಿನಿಮಯ ಒಪ್ಪಂದದಲ್ಲಿ ಗ್ರೀಸ್ ಅವರನ್ನು ಮುಸ್ಲಿಮರೆಂದೇ ಲೆಕ್ಕಹಾಕಿ ತುರ್ಕಿಗೆ ಕಳಿಸಿತು.