ಹಳೆಯ ಮೇಲ್ ಸರ್ವರ್ ಆರಿಸಿದ ಮೇಲೆ: ಹತ್ತು ದಿನಗಳ ಟಿಪ್ಪಣಿ

ಸೆಪ್ಟೆಂಬರ್ 14, 2024, ಶನಿವಾರ

ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿರುವ ದೊಡ್ಡಪ್ಪನ ದಲಾಲಿ ಅಂಗಡಿಯ ಮೇಲ್ ಸರ್ವರನ್ನು ಇವತ್ತು ಬೆಳಿಗ್ಗೆ ಆರಿಸಿದೆ. 2016ರಲ್ಲಿ ನಾನೇ ಜೋಡಿಸಿ ಕೊಟ್ಟ ಯಂತ್ರ. ಅದರಲ್ಲಿದ್ದ ಕಾರ್ಯಾಚರಣೆ ವ್ಯವಸ್ಥೆ ಸೆಂಟ್‌ಓಎಸ್ 7ಕ್ಕೆ ಜೂನ್ 30ರ ನಂತರ ಭದ್ರತಾ ಪರಿಷ್ಕರಣೆ ಬರುವುದು ನಿಂತುಹೋಗಿದೆ. ಮೆಕ್ಕೆಜೋಳದ ಆವಕ ಶುರುವಾದರೆ ಅಂಗಡಿಯಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಅದಕ್ಕೆ ಮೊದಲೇ ಈ ಕೆಲಸ ಮುಗಿಯಬೇಕಿತ್ತು. ಒಂಬತ್ತು ಜನರ ಮೇಲ್‌ಗಳನ್ನು ಡೆಬಿಯನ್ 12 ಎಂಬ ಇನ್ನೊಂದು ವ್ಯವಸ್ಥೆ ಇರುವ ಬಾಡಿಗೆ ಸರ್ವರ್‌ಗೆ ಕಳೆದ ವಾರವೇ ಸಾಗಿಸಿದ್ದೆ. ಹಳೆಯ ವಿಳಾಸ ಯಾವ ಕಂಪ್ಯೂಟರಿನ ನೆನಪಿನಲ್ಲೂ ದಿನಗಟ್ಟಲೆ ಕೂರಬಾರದೆಂದು ಡಿಎನ್‌ಎಸ್ (ಸರ್ವರಿನ ಹೆಸರಿಗೆ ಅದರ ಅಂಕಿ ವಿಳಾಸ ಹೇಳುವ ವ್ಯವಸ್ಥೆ) ದಾಖಲೆಯ ಆಯುಸ್ಸನ್ನು ಎರಡು ದಿನ ಮೊದಲೇ 86400 ಸೆಕೆಂಡಿನಿಂದ 300ಕ್ಕೆ ಇಳಿಸಿದ್ದೆ.

ಹನ್ನೊಂದು ಗಂಟೆಗೆ ಗುಮಾಸ್ತರ ಫೋನ್ ಬಂತು. "ತಮ್ಮಾ, ಮೇಲ್ ಬರುತ್ತಿಲ್ಲ. ಪಾಸ್‌ವರ್ಡ್ ಕೂಡ ಕೇಳುತ್ತಿಲ್ಲ, ಸುಮ್ಮನೆ ತಿರುಗುತ್ತಿದೆ." ಆ ಮಾತಿನಲ್ಲೇ ಅರ್ಧ ಸುಳಿವಿತ್ತು. ಪಾಸ್‌ವರ್ಡ್ ಕೇಳಿದರೆ ಸರ್ವರ್ ಸಿಕ್ಕಿದೆ ಎಂದು ಅರ್ಥ. ತಿರುಗುತ್ತಲೇ ಇದ್ದರೆ ಆ ಕಡೆ ಬಾಗಿಲು ತೆಗೆಯುವವರೇ ಇಲ್ಲ.

ಹೋಗಿ ನೋಡಿದೆ. ಮೇಲ್ ತಂತ್ರಾಂಶ ಥಂಡರ್‌ಬರ್ಡ್‌ನಲ್ಲಿ ಸರ್ವರಿನ ಹೆಸರು ಸರಿಯಿತ್ತು, ಐಮ್ಯಾಪ್ (ಮೇಲ್‌ಗಳನ್ನು ಸರ್ವರಿನಲ್ಲೇ ಇಟ್ಟು ಓದುವ ಪದ್ಧತಿ) ಪೋರ್ಟ್, ಅಂದರೆ ಅದರ ಬಾಗಿಲಿನ ಸಂಖ್ಯೆ, 993 ಸರಿಯಿತ್ತು. ಹೆಸರಿನ ವಿಳಾಸ ಕೇಳುವ ಎನ್‌ಎಸ್‌ಲುಕಪ್ ಆದೇಶ ಕೊಟ್ಟರೆ ಹೊಸ ಸರ್ವರಿನ ವಿಳಾಸವನ್ನೇ ತೋರಿಸಿತು. ಅದೇ ಹೆಸರಿಗೆ ಪಿಂಗ್ (ಆ ಯಂತ್ರ ಓಗೊಡುತ್ತದೆಯೇ ಎಂದು ನೋಡುವ ಆದೇಶ) ಕೊಟ್ಟರೆ 192.168.1.10 ಎಂದಿತು! ಅದು ಬೆಳಿಗ್ಗೆ ನಾನು ಆರಿಸಿದ ಯಂತ್ರದ ವಿಳಾಸ. ಒಂದೇ ಕಂಪ್ಯೂಟರ್, ಒಂದೇ ಹೆಸರು, ಎರಡು ಉತ್ತರ. ಡಿಎನ್‌ಎಸ್ ಸಂಗ್ರಹವನ್ನು ಅಳಿಸಿದೆ, ರೂಟರ್ ಆರಿಸಿ ಹಚ್ಚಿದೆ, ಏನೂ ಬದಲಾಗಲಿಲ್ಲ.

ಒಂದು ಗಂಟೆಯ ನಂತರ ಹೊಳೆಯಿತು. ಎನ್‌ಎಸ್‌ಲುಕಪ್ ನೇರವಾಗಿ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ಪಿಂಗ್ ಮತ್ತು ಮೇಲ್ ತಂತ್ರಾಂಶಗಳು ವಿಂಡೋಸ್ ಅನ್ನು ಕೇಳುತ್ತವೆ. ವಿಂಡೋಸ್ ಮೊದಲು, ಹೆಸರು ಮತ್ತು ವಿಳಾಸಗಳನ್ನು ಕೈಯಿಂದ ಬರೆದಿಡುವ ತನ್ನ ಹೋಸ್ಟ್ಸ್ ಫೈಲನ್ನು ನೋಡುತ್ತದೆ. ಸಿಸ್ಟಮ್32 ಒಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ, ಅದರಲ್ಲಿ ಆ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕೊನೆಯ ಸಾಲಿನಲ್ಲಿ ನಾನೇ 2016ರಲ್ಲಿ ಬರೆದ ಅಂಕಿ ಮತ್ತು ಹೆಸರು. ಆಗಿನ ರೂಟರ್, ಅಂಗಡಿಯ ಒಳಗಿನಿಂದಲೇ ಹೊರಗಿನ ವಿಳಾಸ ಹಿಡಿದು ಹೋದವರನ್ನು ತಿರುಗಿ ಒಳಗೆ ಬಿಡುತ್ತಿರಲಿಲ್ಲ. ಅದಕ್ಕಾಗಿ ಮಾಡಿದ ಏರ್ಪಾಡು ಅದು. ಆ ಸಾಲು ಅಳಿಸಿದೆ. ಮೇಲ್‌ಗಳು ಒಂದರ ಹಿಂದೆ ಒಂದು ಇಳಿಯತೊಡಗಿದವು. ಗುಮಾಸ್ತರು ಕನ್ನಡಕ ಏರಿಸಿಕೊಂಡು ಎಣಿಸುತ್ತಲೇ ಕುಳಿತರು.

ಸೆಪ್ಟೆಂಬರ್ 15, ಭಾನುವಾರ

ಇವತ್ತು ಚಿಕ್ಕ ತೊಂದರೆಗಳು ಮೂರು. ದೊಡ್ಡಪ್ಪನದು ಪಾಪ್3, ಮೇಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಹಳೆಯ ಪದ್ಧತಿ. ನಕಲು ಮಾಡುವಾಗ ಪ್ರತಿ ಮೇಲ್‌ನ ಗುರುತಿನ ಸಂಖ್ಯೆ ಬದಲಾಗಿದ್ದರಿಂದ ಹಳೆಯವೆಲ್ಲ ಹೊಸದೆಂಬಂತೆ ಇನ್ನೊಮ್ಮೆ ಇಳಿದವು, ನಾಲ್ಕು ಸಾವಿರಕ್ಕೂ ಹೆಚ್ಚು. ಈ ಅವಕಾಶದಲ್ಲಿ ಅವರನ್ನೂ ಐಮ್ಯಾಪ್‌ಗೆ ತಂದೆ.

ತಂಗಿಯ ಲ್ಯಾಪ್‌ಟಾಪ್‌ಗೆ ಮೇಲ್ ಬರುತ್ತಿತ್ತು, ಹೋಗುತ್ತಿರಲಿಲ್ಲ. ಪೋರ್ಟ್ 465 ಹಾಕಿ, ಭದ್ರತೆಯ ಜಾಗದಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಆಯ್ಕೆ ಮಾಡಲಾಗಿತ್ತು. 465ರಲ್ಲಿ ಮೊದಲ ಮಾತೇ ಗೂಢಲಿಪಿಯಲ್ಲಿರಬೇಕು. ಸ್ಟಾರ್ಟ್‌ಟಿಎಲ್‌ಎಸ್‌ನಲ್ಲಿ ಸರ್ವರ್ ಮೊದಲು ಬಯಲಲ್ಲಿ ನಮಸ್ಕಾರ ಹೇಳಬೇಕು, ಗೂಢಲಿಪಿ ಆಮೇಲೆ. ಹೀಗಾಗಿ ಎರಡೂ ಕಡೆಯವರು ಒಬ್ಬರ ಮಾತಿಗೆ ಇನ್ನೊಬ್ಬರು ಕಾಯುತ್ತಾ ನಿಂತಿದ್ದರು. ಪೋರ್ಟನ್ನು 587 ಮಾಡಿದ ಕೂಡಲೇ ಹೋಯಿತು.

ಗೋದಾಮಿನ ವಿಂಡೋಸ್ 7 ಕಂಪ್ಯೂಟರಿನಲ್ಲಿ ಔಟ್‌ಲುಕ್ 2010 ಇದೆ. ಅದು ಟಿಎಲ್‌ಎಸ್ (ಮಾತನ್ನು ಗೂಢಲಿಪಿಗೆ ಬದಲಿಸುವ ಪದ್ಧತಿ) 1.0ರಲ್ಲಿ ಮಾತನಾಡುತ್ತದೆ, ಹೊಸ ಸರ್ವರ್ 1.2ಕ್ಕಿಂತ ಕೆಳಗಿನದನ್ನು ಒಪ್ಪುವುದಿಲ್ಲ. ಸರ್ವರಿನಲ್ಲಿ ಒಂದೆರಡು ಸಾಲು ಬದಲಿಸಿದರೆ ಒಪ್ಪಿಸಬಹುದಿತ್ತು. ಆದರೆ 1999ರ ಆ ಪದ್ಧತಿಯನ್ನು 2021ರಲ್ಲೇ ಅಧಿಕೃತವಾಗಿ ಕೈಬಿಟ್ಟಿದ್ದಾರೆ. ಒಂದು ಕಂಪ್ಯೂಟರಿಗಾಗಿ ಒಂಬತ್ತು ಜನರ ಬಾಗಿಲಿನ ಚಿಲಕ ಸಡಿಲಿಸಲು ನನಗೆ ಮನಸ್ಸು ಬರಲಿಲ್ಲ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಥಂಡರ್‌ಬರ್ಡ್, ಅಂದರೆ 115, ಹಾಕಿಕೊಟ್ಟೆ. ಆ ಕಂಪ್ಯೂಟರನ್ನೇ ಬದಲಿಸಬೇಕೆಂದು ದೊಡ್ಡಪ್ಪನಿಗೆ ಸ್ಪಷ್ಟವಾಗಿ ಹೇಳಿದ್ದೇನೆ.

ಸೆಪ್ಟೆಂಬರ್ 16, ಸೋಮವಾರ

ಈದ್ ಮಿಲಾದ್ ರಜೆ. ಹೋಸ್ಟ್ಸ್ ಫೈಲಿನ ಆ ಸಾಲು ರಾತ್ರಿಯೆಲ್ಲ ತಲೆಯಲ್ಲಿತ್ತು. ಅಂತಹ ಒಂದು ಸಿಕ್ಕಿತೆಂದರೆ ಇನ್ನೂ ಎಷ್ಟಿವೆಯೋ? ಎಂಟು ವರ್ಷಗಳಲ್ಲಿ ಎಲ್ಲೆಲ್ಲಿ ಏನು ಬರೆದಿದ್ದೆ ಎಂಬುದರ ಪಟ್ಟಿ ನನ್ನ ಬಳಿ ಇಲ್ಲ. ಹಾಗಾಗಿ ಮನೆಯಲ್ಲಿದ್ದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಒಂದನ್ನು ಅಂಗಡಿಗೆ ಒಯ್ದು 192.168.1.10 ವಿಳಾಸವನ್ನು ಅದಕ್ಕೆ ಕೊಟ್ಟೆ. ಅದರಲ್ಲಿ ಮೇಲ್ ಇಲ್ಲ. ಮೇಲ್‌ನ ಪೋರ್ಟುಗಳನ್ನು ಯಾರು, ಯಾವಾಗ ತಟ್ಟಿದರು ಎಂದು ಟಿಸಿಪಿಡಂಪ್ ಎಂಬ ತಂತ್ರಾಂಶ ಬರೆದಿಡುತ್ತದೆ, ಅಷ್ಟೆ. ಸರ್ವರ್ ಆರಿಸುವ ಮೊದಲೇ ಅದರ ದಾಖಲೆಗಳನ್ನು ಒಂದು ತಿಂಗಳು ಓದಿದ್ದರೆ ಶನಿವಾರ ಗುಮಾಸ್ತರು ಕಾಯಬೇಕಾಗುತ್ತಿರಲಿಲ್ಲ.

ಸೆಪ್ಟೆಂಬರ್ 18, ಬುಧವಾರ

ಸಿಕ್ಕಿತು. ಮಂಗಳವಾರ ಒಂದೇ ದಿನ ಮೇಲ್ ಕಳುಹಿಸುವ ಪೋರ್ಟ್ 25ಕ್ಕೆ ಹನ್ನೆರಡು ಬಾರಿ, ಎಲ್ಲವೂ ಒಂದೇ ವಿಳಾಸದಿಂದ. ಹುಡುಕಿದರೆ ಅದು ಮೂಲೆಯಲ್ಲಿರುವ ಜೆರಾಕ್ಸ್ ಯಂತ್ರ. ತೂಕದ ಚೀಟಿಗಳನ್ನು ಅದರಲ್ಲಿಟ್ಟು ಗುಂಡಿ ಒತ್ತಿದರೆ ಸ್ಕ್ಯಾನ್ ಆಗಿ ಆಡಿಟರಿಗೆ ಮೇಲ್ ಹೋಗುತ್ತದೆ. ಶನಿವಾರದಿಂದ ಒಂದೂ ಹೋಗಿಲ್ಲ. ಪರದೆಯ ಮೇಲೆ ದೋಷದ ಸೂಚನೆ ಬರಲಿಲ್ಲ, ಆಡಿಟರ್ ಕಚೇರಿಯವರೂ ಕೇಳಲಿಲ್ಲ.

ಯಂತ್ರದ ಸೆಟ್ಟಿಂಗ್‌ನಲ್ಲಿ ಟಿಎಲ್‌ಎಸ್ ಎಂಬುದೇ ಇಲ್ಲ. ಹೊಸ ಸರ್ವರಿಗೆ ಅದು ನೇರವಾಗಿ ಕಳುಹಿಸಲಾರದು. ಪೈಯಲ್ಲಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸಾಗಿಸುವ ತಂತ್ರಾಂಶ ಹಾಕಿ, ಜೆರಾಕ್ಸ್ ಯಂತ್ರವೊಂದರಿಂದ ಮಾತ್ರ ಮೇಲ್ ಸ್ವೀಕರಿಸಿ, ಪಾಸ್‌ವರ್ಡ್ ಸಮೇತ 587ರ ಮೂಲಕ ಹೊಸ ಸರ್ವರಿಗೆ ದಾಟಿಸುವಂತೆ ಮಾಡಿದೆ. ಬಾಕಿ ಉಳಿದಿದ್ದ ಚೀಟಿಗಳನ್ನು ಗುಮಾಸ್ತರೂ ನಾನೂ ಕುಳಿತು ಮತ್ತೆ ಸ್ಕ್ಯಾನ್ ಮಾಡಿದೆವು. ಗೋಣಿಯ ಧೂಳು ಹಿಡಿದ ತೆಳು ಕಾಗದ. ಒಂದೊಂದನ್ನೂ ಅಂಗೈಯಿಂದ ಒರೆಸಿ ಇಡಬೇಕಾಯಿತು.

ಸೆಪ್ಟೆಂಬರ್ 24, ಮಂಗಳವಾರ

ಆರು ದಿನ ಜೆರಾಕ್ಸ್ ಯಂತ್ರವನ್ನು ಬಿಟ್ಟರೆ ಬೇರೆ ಯಾರೂ ತಟ್ಟಿರಲಿಲ್ಲ. ನಿನ್ನೆ ರಾತ್ರಿ 9:40ಕ್ಕೆ ಪೋರ್ಟ್ 993ಕ್ಕೆ ಒಂದು ಸಲ, ವೈಫೈ ಮೂಲಕ ಬಂದ ಮೊಬೈಲಿನಿಂದ. ಅಂಗಡಿಗೆ ಅಪರೂಪಕ್ಕೆ ಬರುವ ಯಾರದೋ ಇರಬೇಕು. ಸರ್ವರಿನ ಹೆಸರಿನ ಬದಲು ಅಂಕಿಯನ್ನೇ ಹಾಕಿಟ್ಟಿದ್ದಾರೆ. ನಿನ್ನೆ ರಾತ್ರಿ ಲೋಡಿಂಗ್ ಹೊತ್ತಿನಲ್ಲಿ ಯಾರು ಯಾರು ಇದ್ದರು ಎಂದು ನಾಳೆ ಗುಮಾಸ್ತರನ್ನು ಕೇಳುತ್ತೇನೆ. ಪೈ ಅಲ್ಲಿಯೇ ಇರಲಿ.