ಕೊಕ್ಕು ಮುಚ್ಚಿ ಹಿಡಿದ ಆ ಗಳಿಗೆ

ಜನವರಿಯಲ್ಲಿ ಸಖರಾಯಪಟ್ಟಣದ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಮಗಳ ಜೊತೆ ಅಯ್ಯನಕೆರೆ ಏರಿ ಮೇಲೆ ನಡೆಯುತ್ತಿದ್ದಾಗ, ದಡದ ಹತ್ತಿರ ಹರಿದ ನೈಲಾನ್ ಬಲೆಯಲ್ಲಿ ನೀರುಕಾಗೆಯೊಂದು ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಮೀನು ಹಿಡಿಯಲು ಬಂದಿದ್ದ ಹಿರಿಯರೊಬ್ಬರು ನೀರಿಗಿಳಿದು ಬಲೆ ಸಮೇತ ಎತ್ತಿ ತಂದರು.

"ಹಿಡ್ಕಳವ್ವ, ದಾರ ಕುಯ್ತೀನಿ."

ಕೊಕ್ಕಿನ ತುದಿ ಗಾಳದ ಹಾಗೆ ಬಾಗಿತ್ತು. ಎಲ್ಲಿ ಕಚ್ಚೀತೋ ಅಂತ ಹೆದರಿ ಕೊಕ್ಕನ್ನೇ ಬಿಗಿಯಾಗಿ ಮುಚ್ಚಿ ಹಿಡಿದೆ. ಹಿರಿಯರು ಗದರಿದರು: "ಬಾಯಿ ಮುಚ್ಬ್ಯಾಡವ್ವ, ಉಸ್ರು ಕಟ್ತದೆ! ಅದ್ಕೆ ಮೂಗಿನ ತೂತಿಲ್ಲ. ತಲೆ ಹಿಂದ್ಗಡೆ ಹಿಡಿ."

ಕೈ ಸಡಿಲಿಸಿ ನೋಡಿದೆ. ನಿಜ, ಕೊಕ್ಕಿನ ಮೇಲೆ ಹೊಳ್ಳೆಯೇ ಕಾಣಲಿಲ್ಲ. ಬೆಳೆದ ನೀರುಕಾಗೆಗೆ ಹೊರಗಿನ ಹೊಳ್ಳೆ ಮುಚ್ಚಿಹೋಗಿರುತ್ತದೆ. ಮುಳುಗಿದಾಗ ನೀರು ಒಳಗೆ ನುಗ್ಗದಿರಲಿ ಅಂತ ಇರುವ ಏರ್ಪಾಡು, ಉಸಿರಾಟವೆಲ್ಲ ಬಾಯಿಂದಲೇ. ಇನ್ನೊಂದು ನಿಮಿಷ ಹಾಗೇ ಹಿಡಿದಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನನ್ನ ಸೀರೆ ಸೆರಗೆಲ್ಲ ಒದ್ದೆ. ಹಕ್ಕಿಯ ಗರಿ ಅಷ್ಟು ನೀರು ಕುಡಿದಿತ್ತು. ಆದರೆ ಎದೆಯ ಗರಿಯೊಳಗೆ ಬೆರಳು ತೂರಿಸಿದರೆ ಅಡಿಯಲ್ಲಿ ಒಣಗಿಯೇ ಇತ್ತು, ಬೆಚ್ಚಗೆ. ಪುಟ್ಟ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಬಾತುಕೋಳಿಯ ಮೈ ಮೇಲೆ ನೀರು ಹನಿಯಾಗಿ ಜಾರುತ್ತದೆ, ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಸವರಿಕೊಂಡು ಗರಿಯನ್ನು ಒಪ್ಪವಾಗಿಡುತ್ತದೆ. ನೀರುಕಾಗೆಯ ಗರಿಗಳ ಅಂಚು ಬಿಡಿಬಿಡಿ, ಅದಕ್ಕೇ ನೆನೆಯುತ್ತವೆ. ಗರಿಯೊಳಗೆ ಗಾಳಿ ಕಡಿಮೆಯಾದಷ್ಟೂ ಮೈ ತೇಲುವುದು ಕಡಿಮೆ, ಮೀನಿನ ಹಿಂದೆ ಮುಳುಗುವುದು ಸಲೀಸು. ಕಂಬದ ಮೇಲೆ ರೆಕ್ಕೆ ಹರಡಿ ಕೂತ ನೀರುಕಾಗೆ ಕಂಡಾಗೆಲ್ಲ "ಅಯ್ಯೋ ಪಾಪ, ನೆನೆದು ನಡುಗ್ತಿದೆ" ಅಂದುಕೊಂಡೇ ನಾನು ದೊಡ್ಡವಳಾದದ್ದು.

ಕಾಲಿಗೆ ಸುತ್ತಿದ್ದ ದಾರ ಬಿಡಿಸುವುದೇ ತಡವಾಯಿತು. ನಾಲ್ಕೂ ಬೆರಳುಗಳನ್ನು ಸೇರಿಸಿದ ಕಪ್ಪು ಚರ್ಮದ ಜಾಲ. ಬಾತಿಗಾದರೆ ಮುಂದಿನ ಮೂರಕ್ಕಷ್ಟೇ. ಆ ತೆಳು ಚರ್ಮ ಹರಿಯದಂತೆ ಹಿರಿಯರು ಒಂದೊಂದೇ ಎಳೆ ಕುಯ್ದರು. ಅಷ್ಟು ಒರಟು ಕೈಗಳು ಅಷ್ಟು ಮೆಲ್ಲಗೆ ಆಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಬಿಟ್ಟ ಕೂಡಲೇ ಅದು ನೀರಿಗೆ ತಾಗುವಷ್ಟು ಕೆಳಗೆ ಹಾರಿ, ಒಣಮರದ ಬೊಡ್ಡೆ ಮೇಲೆ ಕೂತು ರೆಕ್ಕೆ ಹರಡಿತು. ಹಿರಿಯರು ಹರಿದ ಬಲೆಯನ್ನು ಸುತ್ತಿ ಚೀಲಕ್ಕೆ ತುಂಬಿಕೊಂಡರು.

"ಅಮ್ಮ, ಬಾಯಿ ತೆಗ್ದಿದೆ ನೋಡು," ಅಂದಳು ಮಗಳು.